ಚೋಮ ಹಿಂದಿರುಗಿದ್ದೇಕೆ?

ತಿಂಗಳಿಗೊಮ್ಮೆ ಹತ್ತು ಮಂದಿ ಕೂತು ಒಂದು ಕಾದಂಬರಿಯ ಬಗ್ಗೆ ಮಾತಾಡುವುದು ಸ್ವಾಧ್ಯಾಯವಾದೀತೇ, ಬರಿಯ ಕಾಲಕ್ಷೇಪವೇ? ಸ್ವಾಧ್ಯಾಯವನ್ನು ತಪಸ್ಸಿನಲ್ಲೇ ಸೇರಿಸುವ ಜೈನರ ತತ್ತ್ವಾರ್ಥಸೂತ್ರ ಅದರಲ್ಲಿ ಐದು ಬಗೆ ಎಣಿಸುತ್ತದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದಿದ ಬೆನ್ನಿಗೇ ಬರುವುದು ಪ್ರಶ್ನೆ. ಉಪದೇಶದ ಸರದಿ ಕೊನೆಗೆ. ಪ್ರಶ್ನೆ ಕೇಳಬೇಕಾದರೆ ಎದುರಿಗೆ ಇನ್ನೊಬ್ಬರಿರಬೇಕು, ಗ್ರಂಥವೂ ಕೈಗೆ ಸಿಗಬೇಕು. ಮೂಡುಬಿದಿರೆಯ ಬಸದಿಯಲ್ಲಿ ಜೈನ ಆಗಮದ ವ್ಯಾಖ್ಯಾನವಾದ ಧವಲದ ತಾಳೆಗರಿಗಳು ಬಹುಕಾಲ ದರ್ಶನಕ್ಕಷ್ಟೇ ಸಿಕ್ಕವು. ಗರಿಗಳನ್ನು ಉಳಿಸಿಕೊಟ್ಟದ್ದು ಆ ಭಕ್ತಿಯೇ, ನಿಜ. ಆದರೆ 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಅಚ್ಚಾಗಿ ಬಂದ ಮೇಲೆಯೇ ಅದು ಹತ್ತಾರು ಜನ ಪ್ರಶ್ನಿಸಬಹುದಾದ ಗ್ರಂಥವಾಯಿತು.

ಶಾಸ್ತ್ರದ ಮಾತು ಬೇರೆ, ಕಟ್ಟುಕತೆಗೆ ಆ ಅಧಿಕಾರ ಎಲ್ಲಿಂದ ಬರಬೇಕು ಎಂಬ ಆಕ್ಷೇಪ ಸಹಜ. ಅಧಿಕಾರವಿಲ್ಲದಿರುವುದೇ ಇಲ್ಲಿ ಗುಣ. ಶಾಸ್ತ್ರದ ಪ್ರಶ್ನೆ ಗುರುವಿನ ಉತ್ತರದಲ್ಲಿ ನಿಂತುಬಿಡಬಹುದು. ಕಾದಂಬರಿಯ ಪ್ರಶ್ನೆಗೆ ಅಂಥ ನಿಲುಗಡೆಯಿಲ್ಲ. ಕಾರಂತರ ‘ಚೋಮನ ದುಡಿ’ಯನ್ನು (1933) ನೋಡಿ. ಜಾತಿಯ ಕಾರಣಕ್ಕೆ ತನಗೆ ಸಲ್ಲದ ಬೇಸಾಯದ ಆಸೆಗೆ ಕ್ರೈಸ್ತನಾಗಲು ಹೊರಟ ಚೋಮ, ತನ್ನ ದೈವ ಪಂಜುರ್ಲಿಯನ್ನು ಬಿಡಲಾರದೆ ಹಿಂದಿರುಗುತ್ತಾನೆ. ಅದು ಶ್ರದ್ಧೆಯೋ, ಭಯವೋ, ಅವನನ್ನು ಕಟ್ಟಿಹಾಕಿದ ವ್ಯವಸ್ಥೆಯ ಇನ್ನೊಂದು ಹಗ್ಗವೋ? ಸೇಕ್ರೆಡ್ ಹಾರ್ಟ್ ಚರ್ಚಿನ ಮಡಂತ್ಯಾರಿನಲ್ಲಿ, ವೇಣೂರಿನ ಬಾಹುಬಲಿಗೆ ದೂರವಲ್ಲದ ಆ ಊರಿನಲ್ಲಿ, ದೈವಕ್ಕೆ ನಡೆದುಕೊಳ್ಳುವವರೂ ಪೂಜೆಗೆ ಹೋಗುವ ಕ್ರೈಸ್ತರೂ ಜೈನರೂ ಚೋಮನ ಜಾತಿಯಲ್ಲೇ ಹುಟ್ಟಿದವರೂ ಒಂದೇ ಬೆಂಚಿನಲ್ಲಿ ಕೂತರೆ ಈ ಪುಟಕ್ಕೆ ಒಂದೇ ಅರ್ಥ ಬರಲಾರದು. ಒಬ್ಬರೇ ಓದುವಾಗ ನಮ್ಮ ನಂಬಿಕೆಯನ್ನೇ ಚೋಮನ ಮನಸ್ಸೆಂದು ತಿಳಿದುಬಿಡುತ್ತೇವೆ. ಆ ತಪ್ಪನ್ನು ತೋರಿಸಿಕೊಡಲು ಪಕ್ಕದವರ ಓದು ಬೇಕು.

ಕೂಟವೆಂದರೆ ವಾದ, ವಾದವೆಂದರೆ ಗೆಲ್ಲುವ ಹಟ. ಓದಿನ ಏಕಾಂತ ಅಲ್ಲಿ ಕೆಟ್ಟುಹೋಗುತ್ತದೆ ಎನ್ನುವವರಿದ್ದಾರೆ. ಏಕಾಂತವನ್ನು ಯಾರೂ ಕಸಿಯುವುದಿಲ್ಲ. ಒಂದು ಕೂಟದಿಂದ ಇನ್ನೊಂದರವರೆಗಿನ ತಿಂಗಳು ಪೂರ್ತಿ ಅದರದೇ, ಅನುಪ್ರೇಕ್ಷೆ, ಅಂದರೆ ಓದಿದ್ದರ ಮನನ, ನಡೆಯುವುದೂ ಆಗಲೇ. ಹಟದ ಅಪಾಯ ಮಾತ್ರ ನಿಜ. ಅದಕ್ಕೆ ಮದ್ದು ಯಕ್ಷಗಾನದ ತಾಳಮದ್ದಳೆಯಲ್ಲೇ ಇದೆ. ವೇಷವಿಲ್ಲದೆ ಎದುರುಬದುರು ಕೂತ ಅರ್ಥಧಾರಿಗಳ ಮಾತು ಪ್ರಸಂಗ ಬಿಟ್ಟು ಬೆಳೆಯತೊಡಗಿದರೆ ಭಾಗವತರು ಮುಂದಿನ ಪದ ಎತ್ತುತ್ತಾರೆ. ಎಂಥ ವಾಗ್ಮಿಯೂ ಅಲ್ಲಿಗೆ ನಿಲ್ಲಿಸಬೇಕು. ಓದುವ ಕೂಟದಲ್ಲಿ ಆ ಕೆಲಸ ಪುಸ್ತಕದ್ದು. ಮಾತು ಏರಿದಾಗ ಯಾರಾದರೊಬ್ಬರು ಚೋಮ ಹಿಂದಿರುಗಿದ ಆ ಪುಟವನ್ನು ತೆಗೆದು ಮತ್ತೊಮ್ಮೆ ಗಟ್ಟಿಯಾಗಿ ಓದಿದರೆ ಸಾಕು.