ಜೀಪು ಯಾರದು?

ಒಂದು ವಸ್ತುವಿನ ಭಾಗಗಳನ್ನೆಲ್ಲ ಒಂದೊಂದಾಗಿ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಅದೇ ವಸ್ತುವೇ? ಥೀಸಿಯಸ್‌ನ ಹಡಗಿನ ನೆಪದಲ್ಲಿ ಗ್ರೀಕರು ಕೇಳಿದ ಪ್ರಶ್ನೆ ಇದು. ನಿಡಘಟ್ಟದ ನಮ್ಮ ಮನೆಯಲ್ಲಿ ಹಡಗಿಲ್ಲ, ಜೀಪಿದೆ.

ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಅಮೆರಿಕದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ 1947ರಿಂದ ಇಲ್ಲಿಯೇ ಜೋಡಿಸತೊಡಗಿತು. ನಮ್ಮದೂ ಆ ವಂಶದ್ದೇ. ಟ್ರೇಲರ್ ಕಟ್ಟಿಕೊಂಡು ಆಲೆಮನೆಯಿಂದ ಮಂಡ್ಯದ ಮಾರುಕಟ್ಟೆಗೆ ಬೆಲ್ಲ ಎಳೆದದ್ದು. ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಎಂಜಿನ್ ಬಂತು. ತುಕ್ಕು ತಿಂದ ತಗಡು ಹೋಗಿ ಹೊಸದು ಬಂತು. ಉಳಿದದ್ದು ಚಾಸಿ ಮತ್ತು ಅದರ ಮೇಲಿನ ನಂಬರು.

ಎಂಜಿನ್ ಬದಲಿಸಿದಾಗ ಆರ್‌ಟಿಓ ಕಚೇರಿಯಲ್ಲಿ ಹೊಸ ನಂಬರು ದಾಖಲಾಯಿತು. ಅದಕ್ಕಾಗಿ ಮಾರಿದ ನಮ್ಮತ್ತೆಯ ಎರಡು ಬಳೆ ಎಲ್ಲಿಯೂ ದಾಖಲಾಗಲಿಲ್ಲ. ಪುಸ್ತಕದಲ್ಲಿರುವುದು ಮಾವನವರ ಹೆಸರು.

ಈಗ ಮಾವನವರಿಲ್ಲ. ಹಳೇ ಜೀಪಿನ ಹುಚ್ಚಿರುವ ಬೆಂಗಳೂರಿನವರೊಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. 2023ರಲ್ಲಿ ಉದ್ಘಾಟನೆಯಾದ ದಶಪಥದ ವೇಗಕ್ಕೆ ಈ ಮುದಿಗಾಡಿ ಸಲ್ಲದು ಎನ್ನುತ್ತಾರೆ ಮನೆಯ ಗಂಡಸರು. ಮಾತು ನಿಜವೇ. ವಾರಸುದಾರರೆಂದು ಅತ್ತೆಯ ಸಹಿಯನ್ನೂ ಹಾಕಿಸಿಕೊಳ್ಳುತ್ತಾರೆ. ಆದರೆ ಸಹಿ ಕೇಳುವುದು ಬೇರೆ, ಮನಸ್ಸು ಕೇಳುವುದು ಬೇರೆ.

ಕಲಾಯಿ ಹಾಕಿಸಿದ ಪಾತ್ರೆ, ತೇಪೆ ಹಾಕಿದ ಬಟ್ಟೆ, ನಾವು ಹೆಂಗಸರು ಏನನ್ನು ಬಾಳಿಸಿಲ್ಲ ಹೇಳಿ! ಕೊಂಡವರಿಗೆ ಇರುವ ಹಕ್ಕು ಬಾಳಿಸಿದವರಿಗೂ ಉಂಟಲ್ಲವೇ? ಭಾಗಗಳೆಲ್ಲ ಬದಲಾದರೂ ಇದು ಅದೇ ಜೀಪು ಎನ್ನುತ್ತೇನೆ ನಾನು. ಅದನ್ನು ಬಾಳಿಸಿದ ಕೈ ಬದಲಾಗಿಲ್ಲ.

ಬಂದ ಹಣದಲ್ಲಿ ಮೊದಲು ಎರಡು ಬಳೆ ಮಾಡಿಸೋಣ ಎಂದೆ. ಅತ್ತೆ ನಕ್ಕರು: "ಬಳೆ ಬ್ಯಾಡ ಕನವ್ವ. ಮಾರೋಕ್ ಮುಂಚೆ ನನ್ನೂ ಒಂದ್ಮಾತು ಕೇಳ್ಲಿ."