ಜಾಣ ಮಗು ಯಾರ ಸೊತ್ತು?



ಕಳೆದ ತಿಂಗಳು ಒಂದು ಭಾನುವಾರ ಬಲಿಪೂಜೆ ಮುಗಿಸಿ ಹೊರಡುವಾಗ ನಮ್ಮ ಧರ್ಮಕೇಂದ್ರದ ದಂಪತಿಗಳಿಬ್ಬರು ಇಗರ್ಜಿಯ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು. ಗಂಡ ನನ್ನ ಹಳೆಯ ವಿದ್ಯಾರ್ಥಿ. ಅವರ ಮಗಳು ಊರಿನ ಕನ್ನಡ ಮಾಧ್ಯಮದ ಯು.ಪಿ. ಶಾಲೆಯಲ್ಲಿ ಐದನೇ ತರಗತಿ. ನಾಲ್ಕರಲ್ಲಿರುವಾಗ ಎಲ್.ಎಸ್.ಎಸ್. ವಿದ್ಯಾರ್ಥಿವೇತನ ಪಡೆದವಳು. ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾಳೆ, ಲೆಕ್ಕವನ್ನು ಬಾಯಲ್ಲೇ ಮಾಡುತ್ತಾಳೆ. ತಮ್ಮ ಮೂರನೇ ತರಗತಿ. ಅವನಿಗೆ ಓದು ಅಷ್ಟಕ್ಕಷ್ಟೆ.

"ಟೀಚರೇ, ಮಗಳನ್ನು ನವೋದಯ ಪರೀಕ್ಷೆಗೆ ಕೂರಿಸಬೇಕು ಅಂತ ಇವಳು ಹೇಳುತ್ತಾಳೆ. ನನಗೆ ಮನಸ್ಸೇ ಬರುವುದಿಲ್ಲ. ನೀವು ಏನು ಹೇಳುತ್ತೀರಿ?" ಎಂದು ಅವನು ಕೇಳಿದ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ ನನಗೆ ಉತ್ತರ ನಾಲಿಗೆಯ ತುದಿಯಲ್ಲೇ ಇರಬೇಕಿತ್ತು. ಇರಲಿಲ್ಲ. "ಸಂಜೆ ಮನೆಗೆ ಬನ್ನಿ" ಎಂದೆ. ಯಾಕೆ ಹಾಗೆ ಹೇಳಿದೆನೆಂಬುದನ್ನು ಮುಂದೆ ಬರೆಯುತ್ತೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಮೊದಲು ವಿಷಯ ತಿಳಿಯದವರಿಗಾಗಿ ನಾಲ್ಕು ಮಾತು. ಜವಾಹರ ನವೋದಯ ವಿದ್ಯಾಲಯಗಳು ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆಂದು ಕೇಂದ್ರ ಸರಕಾರ ನಡೆಸುವ ವಸತಿ ಶಾಲೆಗಳು. ನಮ್ಮ ಕಾಸರಗೋಡು ಜಿಲ್ಲೆಯದ್ದು ಪೆರಿಯದಲ್ಲಿದೆ. ಐದನೇ ತರಗತಿಯ ಮಕ್ಕಳು ಪರೀಕ್ಷೆ ಬರೆದು ಆರನೇ ತರಗತಿಗೆ ಸೇರಬೇಕು. ಎರಡು ಗಂಟೆಯ ಪರೀಕ್ಷೆ, 100 ಅಂಕ: 50 ಬುದ್ಧಿಶಕ್ತಿಗೆ, 25 ಲೆಕ್ಕಕ್ಕೆ, 25 ಭಾಷೆಗೆ. ಒಂದು ಶಾಲೆಗೆ ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ಕನಿಷ್ಠ ಶೇಕಡಾ 75 ಸ್ಥಾನ ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಪಾಲು ಹುಡುಗಿಯರಿಗೆ. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. ಒಂದು ಮಗು ಈ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಬಹುದು. ಆದ್ದರಿಂದ "ಬರುವ ವರ್ಷ ನೋಡೋಣ" ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

ಇಂಥ ಪ್ರಶ್ನೆ ಬಂದಾಗ ನಮ್ಮಲ್ಲಿ ಎರಡು ಸುಲಭದ ಉತ್ತರಗಳು ಸಿದ್ಧವಾಗಿರುತ್ತವೆ. ಮೊದಲನೆಯದು: "ದೇವರು ಕೊಟ್ಟ ಬುದ್ಧಿ, ಹಾಳುಮಾಡಬಾರದು, ಕಳುಹಿಸಿ." ಎರಡನೆಯದು: "ಹತ್ತು ವರ್ಷದ ಹೆಣ್ಣುಮಗು, ಮನೆಯಲ್ಲೇ ಇರಲಿ. ಇದ್ದ ಒಬ್ಬಿಬ್ಬರು ಜಾಣರೂ ಹೋದರೆ ನಮ್ಮ ಕನ್ನಡ ಶಾಲೆಯ ಗತಿ ಏನು?" ಎರಡೂ ಒಳ್ಳೆಯ ಮನಸ್ಸಿನಿಂದ ಬರುವ ಮಾತುಗಳೇ. ಆದರೆ ಎರಡರಲ್ಲೂ ಒಂದು ಅಪಾಯವಿದೆ. ಅದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಐದನೇ ತರಗತಿಯಲ್ಲಿ ನನಗೊಬ್ಬ ವಿದ್ಯಾರ್ಥಿಯಿದ್ದ. ತಂದೆ ಅಡಿಕೆ ತೋಟದಲ್ಲಿ ಕೂಲಿ, ತಾಯಿ ಬೀಡಿ ಕಟ್ಟುತ್ತಿದ್ದರು. ನಾನು ಬೋರ್ಡಿನಲ್ಲಿ ಲೆಕ್ಕ ಬರೆದು ಮುಗಿಸುವ ಮೊದಲೇ ಅವನಲ್ಲಿ ಉತ್ತರವಿರುತ್ತಿತ್ತು. ಆ ವರ್ಷ ನವೋದಯದ ಸುತ್ತೋಲೆ ಶಾಲೆಗೆ ಬಂತು. ಅರ್ಜಿ ನನ್ನ ಮೇಜಿನ ಮೇಲಿತ್ತು. ಆಗ ನಮ್ಮ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿತ್ತು. ಸಂಖ್ಯೆ ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಒಬ್ಬರ ಕೆಲಸ ಹೋಗುತ್ತದೆ. ಆ ಹುಡುಗ ನಮ್ಮ ಶಾಲೆಯ ಹೆಸರಾಗಿದ್ದ. ಕಲೋತ್ಸವ, ರಸಪ್ರಶ್ನೆ, ಇಗರ್ಜಿಯ ಗಾಯನ ಎಲ್ಲದಕ್ಕೂ ಅವನೇ ಬೇಕು. ನಾನು ಆ ಅರ್ಜಿಯನ್ನು ಮೇಜಿನ ಒಳಗಿಟ್ಟೆ. ಕೊನೆಯ ದಿನಾಂಕ ದಾಟಿತು. ಅವನ ಹೆತ್ತವರಿಗೆ ಅಂಥ ಪರೀಕ್ಷೆಯೊಂದಿದೆ ಎಂಬುದೇ ಗೊತ್ತಾಗಲಿಲ್ಲ. "ಕನ್ನಡಕ್ಕಾಗಿ, ಶಾಲೆಗಾಗಿ" ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇಗರ್ಜಿಯ ಮೆಟ್ಟಿಲಲ್ಲಿ ಈಗ ನನ್ನನ್ನು ನಿಲ್ಲಿಸಿ ಮಗಳ ಬಗ್ಗೆ ಕೇಳಿದವನು ಅವನೇ.

ಆ ಸಂಜೆ ಚಹಾ ಕೊಟ್ಟು, ಮೊದಲು ಇದನ್ನು ಹೇಳಿದೆ. ಅವನು ತುಂಬ ಹೊತ್ತು ಮಾತಾಡಲಿಲ್ಲ. ಅವನ ಹೆಂಡತಿ ಒಮ್ಮೆ ನನ್ನ ಮುಖ, ಒಮ್ಮೆ ಅವನ ಮುಖ ನೋಡಿದಳು. ಕೊನೆಗೆ, "ನನಗೆ ಸೀಟು ಸಿಗುತ್ತಿತ್ತೋ ಇಲ್ಲವೋ, ಟೀಚರೇ. ಅಪ್ಪನಾದರೂ ಕಳುಹಿಸುತ್ತಿದ್ದರೋ ಇಲ್ಲವೋ. ಆದರೆ ಅವರನ್ನು ಒಂದು ಮಾತು ಕೇಳಬಹುದಿತ್ತು" ಎಂದ. ಅವನು ಇಂದು ಸ್ವಂತ ದುಡಿಮೆಯಿಂದ ಮರ್ಯಾದೆಯಾಗಿ ಬಾಳುತ್ತಿದ್ದಾನೆ. ಹಾಗೆಂದು ನನ್ನ ತಪ್ಪು ಸಣ್ಣದಾಗುವುದಿಲ್ಲ.

ತಲಾಂತುಗಳ ಸಾಮತಿಯನ್ನು ನಾವೆಲ್ಲ ಅನೇಕ ಸಲ ಕೇಳಿದ್ದೇವೆ. ಹೆದರಿಕೆಯಿಂದ ತಲಾಂತನ್ನು ಮಣ್ಣಲ್ಲಿ ಹೂತಿಟ್ಟ ಸೇವಕನ ಮೇಲೆ ಯಜಮಾನ ಸಿಟ್ಟಾದ. ಆ ಸೇವಕ ಹೂತದ್ದು ತನಗೆ ಕೊಟ್ಟದ್ದನ್ನು. ನಾನು ಹೂತದ್ದು ಬೇರೊಬ್ಬನಿಗೆ ಕೊಟ್ಟದ್ದನ್ನು. ಮಕ್ಕಳಿಗೆ ಜೀವ ಕೊಟ್ಟ ತಂದೆತಾಯಿಯರೇ ಮೊದಲ ಶಿಕ್ಷಕರು, ಶಾಲೆಯನ್ನು ಆರಿಸುವ ಸ್ವಾತಂತ್ರ್ಯ ಅವರದ್ದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ ಹೇಳಿತು. ಆ ಸ್ವಾತಂತ್ರ್ಯ ಕೂಲಿ ಮಾಡುವ ತಂದೆಗೂ ಇದೆ. ಭಾಷೆ ದೊಡ್ಡದು, ಶಾಲೆ ದೊಡ್ಡದು. ಆದರೆ ಅವುಗಳನ್ನು ಹೊರುವ ಕಂಬವನ್ನಾಗಿ ಹತ್ತು ವರ್ಷದ ಮಗುವನ್ನು ನಿಲ್ಲಿಸುವ ಹಕ್ಕು ನನಗಿರಲಿಲ್ಲ.

ಹಾಗಾದರೆ ಮೊದಲನೆಯ ಉತ್ತರವೇ ಸರಿಯೇ? ಜಾಣರನ್ನೆಲ್ಲ ಪರೀಕ್ಷೆಗೆ ಕೂರಿಸಿ, ಗೆದ್ದರೆ ಕಳುಹಿಸಿಬಿಡುವುದೇ? ಅದೂ ಅಷ್ಟು ನೇರವಲ್ಲ.

ಸಿಂಗಾಪುರದ ಸಂಗತಿ ನೋಡಿ. ಅಲ್ಲಿ 1984ರಿಂದ ಮೂರನೇ ತರಗತಿಯ ಮಕ್ಕಳಿಗೆ ಎರಡು ಸುತ್ತಿನ ಪರೀಕ್ಷೆ ನಡೆಸಿ, ನೂರಕ್ಕೆ ಸುಮಾರು ಒಬ್ಬರಂತೆ ಆರಿಸಿ, ಒಂಬತ್ತು ಶಾಲೆಗಳ ವಿಶೇಷ ತರಗತಿಗಳಿಗೆ ಸೇರಿಸುತ್ತಿದ್ದರು. ಬುದ್ಧಿವಂತ ಮಕ್ಕಳಿಗೆ ತಕ್ಕ ಪಾಠ ಸಿಗಲೆಂಬುದೇ ಉದ್ದೇಶ. ಆದರೆ ಕಾಲಕ್ರಮದಲ್ಲಿ ಆ ಪರೀಕ್ಷೆಗೇ ಟ್ಯೂಷನ್ ಹುಟ್ಟಿಕೊಂಡಿತು. 2024ರ ಆಗಸ್ಟಿನಲ್ಲಿ ಅಲ್ಲಿಯ ಪ್ರಧಾನಿ ಆ ವ್ಯವಸ್ಥೆಯನ್ನು ಹಾಗೆಯೇ ಮುಂದುವರಿಸುವುದಿಲ್ಲವೆಂದೂ, ಇನ್ನು ಎಲ್ಲ ಪ್ರಾಥಮಿಕ ಶಾಲೆಗಳೂ ತಮ್ಮಲ್ಲಿರುವ ಚುರುಕಾದ ಮಕ್ಕಳಿಗೆ ಹೆಚ್ಚಿನದ್ದನ್ನು ಕಲಿಸಬೇಕೆಂದೂ ಸಾರಿದರು. ನಲವತ್ತು ವರ್ಷದ ಅನುಭವದ ಮೇಲೆ ತೆಗೆದುಕೊಂಡ ತೀರ್ಮಾನವದು.

ನಮ್ಮಲ್ಲೂ ನವೋದಯಕ್ಕೆಂದು ತರಬೇತಿ ತರಗತಿಗಳಿವೆ. ಮಗು ಆಟ ಬಿಟ್ಟು ಮಾದರಿ ಪ್ರಶ್ನೆಪತ್ರಿಕೆ ಹಿಡಿಯುತ್ತದೆ. ಮನೆಯವರು ನೆಂಟರಿಗೆಲ್ಲ ಹೇಳಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದ ದಿನ ಮಗುವಿಗೆ ತಾನು ಇಡೀ ಮನೆಯ ಮಾನ ಕಳೆದೆ ಅನ್ನಿಸುತ್ತದೆ. 80 ಸ್ಥಾನಗಳೆಂದ ಮೇಲೆ 81ನೆಯ ಮಗುವೂ ಜಾಣನೇ ಅಲ್ಲವೇ? ಹೆಸರು ಬಂದರೂ ಕಷ್ಟವೇ: ಅಂದಿನಿಂದ ಅವಳು "ನವೋದಯದ ಹುಡುಗಿ", ತಮ್ಮ "ಅಕ್ಕನ ಹಾಗಲ್ಲದವನು". ಎರಡನೆಯ ಉತ್ತರದಲ್ಲಿ ಮಗು ಊರಿನ ಸೊತ್ತಾದರೆ, ಮೊದಲನೆಯದರಲ್ಲಿ ಹೆತ್ತವರ ಹೆಮ್ಮೆಯ ಸೊತ್ತಾಗುವ ಅಪಾಯವಿದೆ.

ಅದೇ ಸಾಮತಿಯಲ್ಲಿ ನಾವು ಗಮನಿಸದೆ ದಾಟುವ ಒಂದು ಸಂಗತಿಯಿದೆ. ಐದು ತಲಾಂತು ಪಡೆದವನಿಗೂ ಎರಡು ಪಡೆದವನಿಗೂ ಯಜಮಾನ ಹೇಳಿದ ಮೆಚ್ಚುಗೆಯ ಮಾತು ಒಂದೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಜಾಣ ಮಗುವಿರುವ ಮನೆಯಲ್ಲಿ ತಂದೆತಾಯಿಯರು ಇದನ್ನು ಗೋಡೆಯಲ್ಲಿ ಬರೆದಿಟ್ಟರೂ ತಪ್ಪಿಲ್ಲ.

ಮಗುವನ್ನು ದೂರ ಕಳುಹಿಸುವುದೇ ತಪ್ಪೆಂದು ಇದರ ಅರ್ಥವಲ್ಲ. ಹಳೆಯ ಒಡಂಬಡಿಕೆಯ ಹನ್ನಾ, ಹಂಬಲಿಸಿ ಪಡೆದ ಮಗ ಸಮುವೇಲನನ್ನು ಎಳೆಯ ಪ್ರಾಯದಲ್ಲೇ ಶಿಲೋವಿನ ದೇವಾಲಯದಲ್ಲಿ ಬಿಟ್ಟು ಬಂದಳು. ಆದರೆ ಬಿಟ್ಟು ಮರೆಯಲಿಲ್ಲ. ವರ್ಷ ವರ್ಷವೂ ಒಂದು ಚಿಕ್ಕ ನಿಲುವಂಗಿ ಹೊಲಿದು ಕೊಂಡೊಯ್ಯುತ್ತಿದ್ದಳು. ಕಳೆದ ವರ್ಷದ ಅಂಗಿ ಈ ವರ್ಷಕ್ಕೆ ಆಗುವುದಿಲ್ಲ. ದೂರವಿರುವ ಮಗ ಎಷ್ಟು ಬೆಳೆದಿದ್ದಾನೆ ಎಂಬ ಲೆಕ್ಕ ತಾಯಿಯ ಮನಸ್ಸಿನಲ್ಲಿ ಇದ್ದೇ ಇರಬೇಕು. ಕಳುಹಿಸುವವರಿಗೆ ಈ ಒಂದು ಗುಣ ಸಾಕು: ಮಗುವನ್ನು ನಮ್ಮ ಆಸೆಯ ಅಳತೆಗಲ್ಲ, ಅದು ಬೆಳೆದ ಅಳತೆಗೆ ನೋಡುವುದು.

ಆ ಸಂಜೆ ದಂಪತಿಗಳಿಗೆ ನಾನು ತೀರ್ಮಾನ ಹೇಳಲಿಲ್ಲ. ಇಷ್ಟನ್ನು ವಿಚಾರಿಸಿ ಎಂದೆ.

ಮಗಳಿಗೆ ಈಗಿನ ತರಗತಿಯಲ್ಲಿ ನಿಜವಾಗಿ ಹಸಿವಿದೆಯೇ? ಪಾಠ ಮುಗಿದು ಸುಮ್ಮನೆ ಕುಳಿತಿರುತ್ತಾಳೆಯೇ, ಅಥವಾ ಪಕ್ಕದವಳಿಗೆ ಹೇಳಿಕೊಡುತ್ತ ಸಂತೋಷವಾಗಿದ್ದಾಳೆಯೇ? ಹಸಿವಿಲ್ಲದ ಮಗುವಿಗೆ ಬೇರೆ ಊರಿನ ಊಟ ಬೇಡ. ಹಸಿವಿದ್ದರೆ, ನಮ್ಮ ಅಭಿಮಾನಕ್ಕಾಗಿ ಅವಳನ್ನು ಉಪವಾಸ ಕೆಡವಬಾರದು.

ಪೆರಿಯಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ದೀರಾ? ರಾತ್ರಿ ಅಮ್ಮನಿಲ್ಲದೆ ಮಲಗಬೇಕು, ಬಟ್ಟೆ ತಾನೇ ನೋಡಿಕೊಳ್ಳಬೇಕು ಎಂದು ಅವಳಿಗೆ ಗೊತ್ತೇ? ಒಂಬತ್ತನೆಯ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳುಹಿಸುವ ಪದ್ಧತಿಯಿದೆ. ಅದನ್ನೂ ಈಗಲೇ ತಿಳಿದಿರಿ.

ಕನ್ನಡದ ಗತಿ ಏನು? ಅಲ್ಲಿ ಕನ್ನಡ ಕಲಿಯಲು ಅವಕಾಶವಿದೆಯೇ ಎಂದು ಸೇರುವ ಮೊದಲು ಕೇಳಿ. ಇಲ್ಲದಿದ್ದರೆ ರಜೆಯಲ್ಲಿ ಓದಿಸುವ, ಕನ್ನಡದಲ್ಲೇ ಕಾಗದ ಬರೆಯುವ ಹೊಣೆ ನಿಮ್ಮದು.

ಕೊನೆಯದಾಗಿ, ಸೀಟು ಸಿಗದಿದ್ದರೆ ಆ ದಿನ ಮನೆಯಲ್ಲಿ ಏನು ಮಾತಾಡುತ್ತೀರಿ? ಸಿಕ್ಕಿ, ಮೂರು ತಿಂಗಳಲ್ಲಿ ಅಳುತ್ತ ಬಂದರೆ ಬಾಗಿಲು ತೆರೆದಿರುತ್ತದೆಯೇ? ಈ ಮಾತುಗಳನ್ನು ಪರೀಕ್ಷೆಗೆ ಮೊದಲೇ, ತಮ್ಮನ ಎದುರಲ್ಲೇ ಆಡಿ.

ಇನ್ನು ಉಳಿದದ್ದು ಅವರಿಗೆ ಹೇಳುವ ಮಾತಲ್ಲ, ನಮಗೆ ಹೇಳಿಕೊಳ್ಳಬೇಕಾದದ್ದು. ಒಬ್ಬಳು ಹೋದರೆ ಉಳಿದ ಮಕ್ಕಳ ಪಾಡೇನು? ಇಟಲಿಯ ಬಾರ್ಬಿಯಾನ ಎಂಬ ಗುಡ್ಡದ ಕುಗ್ರಾಮದಲ್ಲಿ ಲೊರೆಂಜೊ ಮಿಲಾನಿ ಎಂಬ ಗುರುಗಳಿದ್ದರು. ಸರಕಾರಿ ಶಾಲೆಯಲ್ಲಿ ನಪಾಸಾದ ರೈತರ ಮಕ್ಕಳಿಗೆ ಅವರು ಪಾಠ ಹೇಳಿದರು. ಅಲ್ಲಿ ಹಿಂದುಳಿದವನಿಗೆ ಅರ್ಥವಾಗುವ ತನಕ ಪಾಠ ಮುಂದೆ ಹೋಗುತ್ತಿರಲಿಲ್ಲ, ತಿಳಿದವನು ತಿಳಿಯದವನಿಗೆ ಕಲಿಸಬೇಕಿತ್ತು. ಆ ಹುಡುಗರು ಸೇರಿ ಶಿಕ್ಷಕಿಯೊಬ್ಬರಿಗೆ ಪತ್ರದ ರೂಪದಲ್ಲಿ ಬರೆದ ಪುಸ್ತಕ 1967ರಲ್ಲಿ ಪ್ರಕಟವಾಗಿ ಇಟಲಿಯ ಶಿಕ್ಷಣವನ್ನೇ ಪ್ರಶ್ನಿಸಿತು. 2017ರಲ್ಲಿ ಪೋಪ್ ಫ್ರಾನ್ಸಿಸರು ಬಾರ್ಬಿಯಾನಕ್ಕೆ ಹೋಗಿ ಮಿಲಾನಿಯವರ ಸಮಾಧಿಯ ಬಳಿ ಪ್ರಾರ್ಥಿಸಿದರು. ಅಲ್ಲಿ ಆಯ್ಕೆಯ ಪರೀಕ್ಷೆ ಇರಲಿಲ್ಲ. ಪ್ರತಿದಿನ ಮಕ್ಕಳ ಜತೆ ಕುಳಿತುಕೊಳ್ಳುವ ಒಬ್ಬ ದೊಡ್ಡವರಿದ್ದರು.

ನಮ್ಮ ಕನ್ನಡ ಶಾಲೆ ಉಳಿಯಬೇಕೆಂದು ಭಾಷಣ ಮಾಡುವ ನಮ್ಮಲ್ಲಿ ಎಷ್ಟು ಮಂದಿಯ ಮಕ್ಕಳು, ಮೊಮ್ಮಕ್ಕಳು ಅಲ್ಲಿ ಓದುತ್ತಿದ್ದಾರೆ? ನನ್ನ ಸ್ವಂತ ಮಗ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ. ಕೂಲಿಯವರ ಮಗನನ್ನು ಕನ್ನಡಕ್ಕಾಗಿ ಹಿಡಿದಿಟ್ಟವಳು ನಾನೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಆಸಕ್ತಿಯ ಮಕ್ಕಳಿಗಾಗಿ ಶಾಲೆಗಳಲ್ಲಿ ಗಣಿತ, ವಿಜ್ಞಾನ, ಭಾಷೆಯ ಕೂಟಗಳನ್ನು ನಡೆಸಲು ಹೇಳುತ್ತದೆ. ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ವಾರಕ್ಕೊಂದು ಗಂಟೆ ಕೊಡುವ ಜನ. ನಿವೃತ್ತರು ನಮ್ಮಲ್ಲಿ ಕಡಿಮೆಯಿಲ್ಲ.

ಪ್ರತಿ ಭಾನುವಾರ ಧರ್ಮೋಪದೇಶದ ತರಗತಿ ಮುಗಿದ ಮೇಲೆ ನಾನು ಒಂದು ಗಂಟೆ ಸಭಾಭವನದಲ್ಲಿ ಕುಳಿತಿರುತ್ತೇನೆ. ಫಾದರ್ ಒಪ್ಪಿದ್ದಾರೆ. ಲೆಕ್ಕದಲ್ಲಿ ಮುಂದಿರುವವರೂ ಹಿಂದಿರುವವರೂ ಬರಬಹುದು. ನವೋದಯ, ಎಲ್.ಎಸ್.ಎಸ್. ಮೊದಲಾದ ಪರೀಕ್ಷೆಗಳ ದಿನಾಂಕಗಳನ್ನು ಇಗರ್ಜಿಯ ನೋಟೀಸು ಬೋರ್ಡಿಗೆ ಹಚ್ಚುವ ಕೆಲಸವೂ ಇನ್ನು ನನ್ನದು.

ಆ ದಂಪತಿಗಳು ಮಗಳನ್ನು ಪೆರಿಯಕ್ಕೆ ಕರೆದುಕೊಂಡು ಹೋಗಿ ಬಂದರು. ಪರೀಕ್ಷೆ ಬರೆಯುತ್ತೇನೆ, ಹೋಗುವುದನ್ನು ಆಮೇಲೆ ಹೇಳುತ್ತೇನೆ ಎಂದಳಂತೆ. ಅರ್ಜಿಗೆ ಬೇಕಾದ ಮುಖ್ಯೋಪಾಧ್ಯಾಯರ ಸಹಿ ಪಡೆಯಲು ಶಾಲೆಗೆ ಅವರ ಜತೆ ನಾನೂ ಹೋಗಿದ್ದೆ.