ಆ ದಿನ ಗೊತ್ತಿದ್ದದ್ದೆಷ್ಟು?

ಯಾರಾದರೂ ಒಂದು ಹೊಸ ಐಡಿಯಾ ಬಿಡಿಸಿ ಹೇಳಿದರೆ ನಮ್ಮಲ್ಲಿ ಬಹಳ ಜನ ಮೊದಲು ಆಡೋ ಮಾತು, "ಇಷ್ಟೇನಾ? ಇದು ನಂಗೂ ಹೊಳೀತಿತ್ತು ಬಿಡು." ಹೊಳೀತಿತ್ತೇನೋ ಸರಿ, ಆದರೆ ಹೊಳೆದಿರಲಿಲ್ಲವಲ್ಲ! ಈ ಎರಡರ ನಡುವಿನ ಅಂತರ ಅಳೆಯೋದನ್ನೇ ಸಂಬಳಕ್ಕೆ ಮಾಡೋ ಜನ ಇದ್ದಾರೆ. ಅವರೇ ಪೇಟೆಂಟ್ ಪರೀಕ್ಷಕರು.

ನನಗೂ ಪೇಟೆಂಟಿಗೂ ನೇರ ನಂಟಿಲ್ಲ. ನಾನು ಕೋಡ್ ಬರೆಯೋನು. ಕೆಮಿಸ್ಟ್ರಿ ಬಿಇ ಮೊದಲ ವರ್ಷಕ್ಕೇ ಮುಗೀತು. ಆದರೆ ಕಾಲೇಜಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಈಗ ಬೆಂಗಳೂರಿನಲ್ಲೇ ಪೇಟೆಂಟ್ ಹುಡುಕಾಟದ ಕೆಲಸ ಮಾಡ್ತಾನೆ. ಫೋನು, ಟೀವಿ ಪರದೆಗೆ ಬಳಸೋ ವಸ್ತುಗಳ ಮೇಲೆ ಯಾರಾದರೂ ಪೇಟೆಂಟ್ ಕೇಳಿದರೆ, ಅದೇ ವಿಚಾರ ಹಿಂದೆ ಎಲ್ಲಾದರೂ ಪ್ರಕಟ ಆಗಿದೆಯಾ ಅಂತ ಕೆದಕಿ ತೆಗೆಯೋದು ಅವನ ಪಾಲಿನ ಕೆಲಸ. ಟೀ ಕುಡೀತಾ ಅವನು ಹೇಳೋದನ್ನ ಕೇಳಿ ಕೇಳಿ ನನ್ನ ತಲೆಗೂ ಒಂದು ಪ್ರಶ್ನೆ ಹತ್ತಿಕೊಂಡಿದೆ. ಒಬ್ಬ ಮನುಷ್ಯ ಹಿಂದೆ ಮಾಡಿದ್ದನ್ನ ಇವತ್ತು ಕೂತು ತೂಗುವಾಗ ನ್ಯಾಯವಾದ ತಕ್ಕಡಿ ಯಾವುದು?

ಮೊದಲು ಪರದೆಯ ವಿಷಯ ಹೇಳಿಬಿಡ್ತೀನಿ. ನಿಮ್ಮ ಫೋನಿನ ಪರದೆ ಓಎಲ್‌ಇಡಿ ಆಗಿದ್ದರೆ, ಅದರ ಬೆಳಕು ಬರೋದು ಇಂಗಾಲದ ಸಂಯುಕ್ತಗಳ ತೆಳು ಪದರಗಳಿಂದ. ಎರಡು ಎಲೆಕ್ಟ್ರೋಡುಗಳ ನಡುವೆ ಈ ಪದರಗಳನ್ನ ಒಂದರ ಮೇಲೊಂದು ಹಾಸಿರ್ತಾರೆ. ಒಂದು ಪದರ ಎಲೆಕ್ಟ್ರಾನುಗಳನ್ನ ಸಾಗಿಸುತ್ತೆ. ಇನ್ನೊಂದು, ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಗಳನ್ನ, ಅಂದರೆ 'ಹೋಲ್'ಗಳನ್ನ ಸಾಗಿಸುತ್ತೆ. ನಡುವೆ ಎಲ್ಲೋ ಎರಡೂ ಸೇರಿದಾಗ ಬೆಳಕು ಹುಟ್ಟುತ್ತೆ. ಅವು ಅಲ್ಲಿಂದ ಆಚೆ ದಾಟಿಹೋಗದ ಹಾಗೆ ತಡೆಯೋಕೆ ಇನ್ನೊಂದೆರಡು ಪದರ. ಎಲ್ಲ ಸೇರಿಸಿದರೂ ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲು ಆಗಲ್ಲ. ಯಾವ ಪದರಕ್ಕೆ ಯಾವ ಅಣು ಅನ್ನೋದರ ಮೇಲೇ ಬಣ್ಣ, ಬಾಳಿಕೆ, ಬ್ಯಾಟರಿ ಖರ್ಚು ಎಲ್ಲ ನಿಂತಿರುತ್ತೆ. ಅದಕ್ಕೇ ಪೇಟೆಂಟಿಗೆ ಇಷ್ಟು ನೂಕುನುಗ್ಗಲು.

ಇದು ಹೀಗೇ ಇರಬೇಕು ಅಂತ ಮೊದಲಿಂದ ಯಾರಿಗೂ ಗೊತ್ತಿರಲಿಲ್ಲ. 1963ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಪೋಪ್ ಮತ್ತು ಜೊತೆಗಾರರು ಆಂಥ್ರಸೀನ್ ಅನ್ನೋ ಹರಳಿಗೆ ವಿದ್ಯುತ್ ಕೊಟ್ಟು ಬೆಳಕು ಬರಿಸಿದ್ದರು. ಆದರೆ ಅದಕ್ಕೆ ನೂರಾರು ವೋಲ್ಟ್ ಬೇಕಾಗಿತ್ತು. ಜೇಬಿನಲ್ಲಿ ಇಟ್ಕೊಳ್ಳೋ ಸಾಮಾನಿಗೆ ಅದು ಆಗೋ ಹೋಗೋ ಮಾತಲ್ಲ. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್ ಒಂದು ಪ್ರಬಂಧ ಪ್ರಕಟಿಸಿದರು. ದಪ್ಪ ಹರಳಿನ ಬದಲು ಎರಡು ತೆಳು ಪದರ, ಹತ್ತು ವೋಲ್ಟಿಗಿಂತ ಕಡಿಮೆ ವಿದ್ಯುತ್, ಬಳಕೆಗೆ ಬರುವಷ್ಟು ಬೆಳಕು. ಟಾಂಗ್ ಇಂಗಾಲದ ಸಂಯುಕ್ತಗಳಿಂದ ಸೋಲಾರ್ ಸೆಲ್ ಮಾಡೋ ಕೆಲಸವನ್ನೂ ಮಾಡಿದ್ದವರು. ಅಲ್ಲೂ ಅವರದು ಎರಡು ಪದರದ ಉಪಾಯವೇ.

ಈಗ ನಮ್ಮಂಥವರು ಹೇಳೋದು ಸುಲಭ. "ಸೋಲಾರ್ ಸೆಲ್ ಬೆಳಕು ತಗೊಂಡು ಕರೆಂಟ್ ಕೊಡುತ್ತೆ. ಉಲ್ಟಾ ಮಾಡಿದರೆ ಕರೆಂಟ್ ತಗೊಂಡು ಬೆಳಕು ಕೊಡುತ್ತೆ. ಇದರಲ್ಲೇನು ಮಹಾ?" ಒಗಟಿನ ಉತ್ತರ ಕೇಳಿದ ಮೇಲೆ ಯಾವ ಒಗಟೂ ಕಷ್ಟ ಅನ್ನಿಸಲ್ಲ.

ಪೇಟೆಂಟ್ ಕಾನೂನು ಈ ಚಟವನ್ನ ಚೆನ್ನಾಗಿ ಬಲ್ಲದು. ಒಂದು ಸಂಗತಿ ಹೊಸದಾಗಿದ್ದರೆ ಸಾಲದು, ಆ ಕಸುಬು ಬಲ್ಲವರಿಗೆ ತಾನಾಗೇ ತೋಚುವಂಥದ್ದೂ ಆಗಿರಬಾರದು ಅಂತ ನಮ್ಮ ದೇಶದ ಪೇಟೆಂಟ್ ಕಾಯ್ದೆಯೂ ಹೇಳುತ್ತೆ. ಆದರೆ ತೋಚುತ್ತಿತ್ತೋ ಇಲ್ಲವೋ ಅಂತ ತಿಳಿಯೋದು ಹೇಗೆ? ಯುರೋಪಿನ ಪೇಟೆಂಟ್ ಕಚೇರಿ ಇದಕ್ಕೆ ಎರಡು ಕ್ರಿಯಾಪದಗಳನ್ನ ಬೇರೆ ಮಾಡಿ ಇಟ್ಟಿದೆ. 'ಮಾಡಬಹುದಿತ್ತು' ಅನ್ನೋದು ಒಂದು, 'ಮಾಡ್ತಿದ್ದ' ಅನ್ನೋದು ಇನ್ನೊಂದು. ಮಾಡಬಹುದಾದದ್ದು ಲೋಕದಲ್ಲಿ ಲೆಕ್ಕವಿಲ್ಲದಷ್ಟಿದೆ. ಅರ್ಜಿ ಹಾಕಿದ ದಿನಕ್ಕೆ ಮೊದಲು ಪ್ರಕಟ ಆಗಿದ್ದನ್ನಷ್ಟೇ ಮುಂದಿಟ್ಟುಕೊಂಡು, ಆ ಕಸುಬಿನವನು ನಿಜವಾಗಿ ಆ ದಾರಿಗೇ ಹೋಗ್ತಿದ್ದನಾ? ಹೋಗೋಕೆ ಅವನಿಗೊಂದು ಕಾರಣ ಇತ್ತಾ? ಪರೀಕ್ಷಕರು ಇದನ್ನ ತೋರಿಸಬೇಕು. ತಮಾಷೆ ಅಂದರೆ, ಉತ್ತರ ಬರೆದ ಅರ್ಜಿ ಅವರ ಮೇಜಿನ ಮೇಲೇ ಇರುತ್ತೆ. ಅದನ್ನ ಪೂರ್ತಿ ಓದಿ, ಆಮೇಲೆ ಓದಿಲ್ಲದವರ ಹಾಗೆ ಯೋಚಿಸಬೇಕು. ಗೊತ್ತಿಲ್ಲದ್ದನ್ನ ಕಲಿಯೋದಕ್ಕಿಂತ ಗೊತ್ತಿರೋದನ್ನ ಸ್ವಲ್ಪ ಹೊತ್ತು ಪಕ್ಕಕ್ಕಿಡೋದು ಕಷ್ಟ.

ಹಾಗಂತ ಕೇಳಿದವರಿಗೆಲ್ಲ ಕೊಟ್ಟುಬಿಡೋಕಾಗಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ 1851ರಲ್ಲಿ ಬಾಗಿಲು ಹಿಡಿಯ ಪೇಟೆಂಟ್ ಒಂದು ಬಂತು. ಮರ ಅಥವಾ ಲೋಹದ ಬದಲು ಜೇಡಿಮಣ್ಣು, ಪಿಂಗಾಣಿಯಲ್ಲಿ ಹಿಡಿ ಮಾಡಿದ್ದೇ ಅವರ ಆವಿಷ್ಕಾರ. ಕೋರ್ಟು ಒಪ್ಪಲಿಲ್ಲ. ಇನ್ನೂ ಒಳ್ಳೇ ವಸ್ತು ಆರಿಸಿಕೊಳ್ಳೋದು ಒಬ್ಬ ನುರಿತ ಕೆಲಸಗಾರ ದಿನವೂ ಮಾಡೋ ಕೆಲಸ, ಅದಕ್ಕಿಂತ ಹೆಚ್ಚಿನದೇನೋ ಇರಬೇಕು ಅಂದಿತು.

ಪರದೆಯ ಪೇಟೆಂಟಿನಲ್ಲೂ ಅದೇ ಜಗಳ, ಹಿಡಿಯ ಬದಲು ಪರಮಾಣು. ಅಣುವಿನಲ್ಲಿರೋ ಹೈಡ್ರೋಜನ್ ತೆಗೆದು ಅದರ ಭಾರದ ಅಣ್ಣ ಡ್ಯೂಟೀರಿಯಂ ಕೂರಿಸಿದರೆ ಪರದೆಯ ಬಾಳಿಕೆ ಹೆಚ್ಚಾಗುತ್ತೆ. ಎಲ್‌ಜಿ ಡಿಸ್‌ಪ್ಲೇ 2021ರ ಕೊನೆಗೆ ಇಂಥ ಟೀವಿ ಪರದೆಯನ್ನ ಘೋಷಿಸಿತು. ಇಂಗಾಲದ ಜೊತೆ ಡ್ಯೂಟೀರಿಯಂ ಕಟ್ಟಿಕೊಳ್ಳೋ ಬಂಧ ಹೈಡ್ರೋಜನ್ ಬಂಧಕ್ಕಿಂತ ಗಟ್ಟಿ ಅನ್ನೋದು ಕೆಮಿಸ್ಟ್ರಿಯಲ್ಲಿ ಹಳೇ ಸುದ್ದಿ. ಹಾಗಾದರೆ ಇಂಥ ಅರ್ಜಿ ಬಂದರೆ ಅದು ಮಣ್ಣಿನ ಹಿಡಿಯಾ? ಒಂದೇ ಮಾತಲ್ಲಿ ಹೇಳೋಕಾಗಲ್ಲ. ಯಾವ ಪದರದಲ್ಲಿ, ಅಣುವಿನ ಯಾವ ಮೂಲೆಯಲ್ಲಿ ಬದಲಾಯಿಸಿದ್ದು? ಬಾಳಿಕೆ ಎಷ್ಟು ಹೆಚ್ಚಿತು? ಹಳೇ ವಸ್ತುವಿನ ಪಕ್ಕದಲ್ಲಿಟ್ಟು ಅಳೆದ ಕೋಷ್ಟಕ ಎಲ್ಲಿ? ಬಲ್ಲವರು ನಿರೀಕ್ಷೆ ಮಾಡ್ತಿದ್ದಷ್ಟೇ ಬಂದಿದ್ದರೆ ಒಂದು ಮಾತು, ಅವರೇ ಹುಬ್ಬೇರಿಸುವಷ್ಟು ಬಂದಿದ್ದರೆ ಇನ್ನೊಂದು ಮಾತು.

ಇಷ್ಟು ಹೊತ್ತು ತೀರ್ಪು ಕೊಡೋರ ಪ್ರಾಮಾಣಿಕತೆಯ ಮಾತಾಯ್ತು. ಕೇಳೋರದ್ದೂ ಒಂದಿದೆ.

1924ರಲ್ಲಿ ಯೂಜೀನ್ ಮಾರ್ಕುಶ್ ಅನ್ನೋರು ಅಮೆರಿಕದಲ್ಲಿ ಬಣ್ಣಗಳ ಮೇಲೆ ಒಂದು ಪೇಟೆಂಟ್ ಪಡೆದರು. 'ಈ ಗುಂಪಿನಿಂದ ಆರಿಸಿದ ಯಾವುದಾದರೊಂದು' ಅಂತ ಬರೆಯೋ ರೂಢಿಗೆ ಆವತ್ತಿಂದ ಅವರ ಹೆಸರೇ ಅಂಟಿಕೊಂಡಿದೆ. ಓಎಲ್‌ಇಡಿ ಅರ್ಜಿಗಳಲ್ಲಿ ಇದು ಮಾಮೂಲು. ಒಂದು ಅಣುವಿನ ಚಿತ್ರ ಬರೆದು, ಅದರ ಎಂಟು ಜಾಗಗಳಲ್ಲಿ ಒಂದೊಂದಕ್ಕೂ ಇಪ್ಪತ್ತು ಆಯ್ಕೆ ಕೊಟ್ಟರು ಅಂತಿಟ್ಕೊಳ್ಳಿ. ಲೆಕ್ಕ ಹಾಕಿ ನೋಡಿ, ಎರಡು ಸಾವಿರದ ಐನೂರ ಅರವತ್ತು ಕೋಟಿ ಅಣುಗಳಾಗುತ್ತೆ! ಪ್ರಯೋಗಾಲಯದಲ್ಲಿ ನಿಜವಾಗಿ ತಯಾರಿಸಿ, ಬೆಳಗಿಸಿ, ಅಳೆದು ನೋಡಿದ್ದು ಅದರ ಮುಂದೆ ಒಂದು ಚಿಟಿಕೆ. ನಮ್ಮೂರ ಕಡೆ ಗೋಮಾಳಕ್ಕೆ ಬೇಲಿ ಹಾಕೋರ ನೆನಪಾಗುತ್ತೆ. ಉತ್ತಿದ್ದು ಅರ್ಧ ಎಕರೆ, ಬೇಲಿ ಗುಡ್ಡದ ಬುಡದ ತನಕ.

ಈ ಆಸೆಯೂ ಹಳೇದೇ. ಬೆಳಕಿನ ವಸ್ತುವಿನ ಮೇಲೇ ನೂರಿಪ್ಪತ್ತು ವರ್ಷಕ್ಕೂ ಹಿಂದೆ ಒಂದು ದೊಡ್ಡ ವ್ಯಾಜ್ಯ ನಡೆದಿತ್ತು. ಸಾಯರ್ ಮತ್ತು ಮ್ಯಾನ್ ಅನ್ನೋ ಇಬ್ಬರು ಸುಟ್ಟ ಕಾಗದವನ್ನ ಬಲ್ಬಿನ ತಂತಿಯಾಗಿ ಬಳಸಿದ್ದರು. ಆದರೆ ಪೇಟೆಂಟಿನಲ್ಲಿ ಕೇಳಿದ್ದು ಲೋಕದ ಎಲ್ಲ ನಾರು, ಎಲ್ಲ ಬಟ್ಟೆಯ ಮೇಲಿನ ಹಕ್ಕು. ಅತ್ತ ಎಡಿಸನ್ ಆರು ಸಾವಿರಕ್ಕೂ ಹೆಚ್ಚು ಸಸ್ಯಗಳನ್ನ ಪರೀಕ್ಷೆ ಮಾಡಿ, ಕೊನೆಗೆ ಒಂದು ಜಾತಿಯ ಬಿದಿರಿಗೆ ಬಂದು ನಿಂತಿದ್ದರು. 1895ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಾಯರ್ ಮತ್ತು ಮ್ಯಾನ್ ಅವರ ಬೇಲಿಯನ್ನ ಒಪ್ಪಲಿಲ್ಲ. ಎಲ್ಲ ನಾರುಗಳಲ್ಲೂ ಇರೋ ಯಾವುದೋ ಒಂದು ಸಮಾನ ಗುಣವನ್ನ ಅವರು ಕಂಡುಹಿಡಿದಿದ್ದರೆ ಬೇರೆ ಮಾತು. ಅಂಥದ್ದೇನೂ ಅವರ ಕೈಯಲ್ಲಿರಲಿಲ್ಲ. ಹೆಚ್ಚಿನ ನಾರುಗಳು ಆ ಕೆಲಸಕ್ಕೆ ಆಗ್ತಾನೂ ಇರಲಿಲ್ಲ.

ನನಗೆ ಕಾಣೋ ಹಾಗೆ ಇವೆರಡೂ ಒಂದೇ ತಪ್ಪಿನ ಎರಡು ಮುಖ. "ಇದು ಯಾರಿಗಾದರೂ ಹೊಳೀತಿತ್ತು" ಅನ್ನೋರು ಆಮೇಲೆ ಬಂದ ತಿಳಿವಳಿಕೆಯನ್ನ ಹಿಂದಿನ ದಿನಕ್ಕೆ ತುರುಕ್ತಾರೆ. "ಇದೆಲ್ಲ ನಂದೇ" ಅನ್ನೋರು ಮುಂದೆ ಯಾರೋ ಕಷ್ಟಪಟ್ಟು ಕಂಡುಕೊಳ್ಳೋದನ್ನ ಇವತ್ತೇ ತಮ್ಮ ಹೆಸರಿಗೆ ಬರೆಸಿಕೊಳ್ತಾರೆ. ಇಬ್ಬರೂ ದಿನಾಂಕ ತಿದ್ದುತ್ತಾರೆ. ಒಳ್ಳೇ ಪರೀಕ್ಷೆ ಅಂದರೆ ಆ ದಿನಾಂಕದ ಮೇಲೇ ಕಾಲೂರಿ ನಿಂತು, ಆ ದಿನ ಎಷ್ಟು ಗೊತ್ತಿತ್ತೋ ಅಷ್ಟಕ್ಕೆ ಮಾತ್ರ ಬೆಲೆ ಕಟ್ಟೋದು.

ಹಾಗಾದರೆ "ನಂಗೆ ಗೊತ್ತಿರಲಿಲ್ಲ" ಅಂತ ಎಲ್ಲರೂ ಜಾರಿಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಕಾನೂನು ಅದಕ್ಕೂ ಬಾಗಿಲು ಹಾಕಿದೆ. ಅರ್ಜಿದಾರನಿಗೆ ವೈಯಕ್ತಿಕವಾಗಿ ಗೊತ್ತಿತ್ತಾ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಜಪಾನಿ ಭಾಷೆಯ ಯಾವುದೋ ಹಳೇ ಪತ್ರಿಕೆಯಲ್ಲಿ ಬಂದಿದ್ದರೂ ಅದು ಗೊತ್ತಿದ್ದ ಹಾಗೇ. ಆ ದಿನ ಹುಡುಕಿದರೆ ಸಿಗುತ್ತಿತ್ತಾ ಅನ್ನೋದೇ ಅಳತೆ. ಸಿಗುತ್ತಿದ್ದದ್ದನ್ನ ನೋಡದೇ ಇದ್ದದ್ದು ಬೇರೆ, ಇನ್ನೂ ಹುಟ್ಟದೇ ಇದ್ದದ್ದನ್ನ ಕಾಣದೇ ಇದ್ದದ್ದು ಬೇರೆ.

ನಮ್ಮ ಆಫೀಸುಗಳಲ್ಲಿ ಈ ವ್ಯತ್ಯಾಸ ಎಷ್ಟು ಜನಕ್ಕೆ ಬೇಕು ಹೇಳಿ. ಪ್ರೊಡಕ್ಷನ್ ಬಿದ್ದ ಮಾರನೇ ದಿನದ ಮೀಟಿಂಗಿನಲ್ಲಿ ಲಾಗ್ ತೆರೆದಿಟ್ಟು, "ನೋಡಿ, ಇಲ್ಲೇ ಗೊತ್ತಾಗ್ತಿತ್ತಲ್ವಾ" ಅಂತ ಒಂದು ಸಾಲಿಗೆ ಬೆರಳಿಡ್ತಾರೆ. ಆ ರಾತ್ರಿ ಅದರ ಸುತ್ತ ಅಂಥದ್ದೇ ನಲವತ್ತು ಸಾವಿರ ಸಾಲಿತ್ತು ಅನ್ನೋದನ್ನ ಯಾರೂ ಹೇಳಲ್ಲ. ಪ್ರಾಜೆಕ್ಟ್ ಗೆದ್ದರೆ, ಎರಡು ಮೀಟಿಂಗಿಗೆ ಬಂದು ತಲೆಯಾಡಿಸಿದವರೂ ಅಪ್ರೈಸಲ್‌ನಲ್ಲಿ "ಇದರ ವಿಷನ್ ನಂದೇ" ಅಂತ ಬರೀತಾರೆ. ಮೊದಲನೇದು ಹಿನ್ನೋಟದ ಜಾಣತನ, ಎರಡನೇದು ಮಾರ್ಕುಶ್ ಬೇಲಿ.

ಮನೆಯೊಳಗೆ ಇದು ಇನ್ನೂ ಆಳಕ್ಕೆ ಇಳಿಯುತ್ತೆ. 2006ರಲ್ಲಿ, ನಾನು ಬಿಇ ಸೇರಿದ ವರ್ಷ, ಅಪ್ಪ ರಸ್ತೆ ಕಡೆಯ ಮೂವತ್ತು ಗುಂಟೆ ಹೊಲ ಮಾರಿದರು. ಏಳೆಂಟು ವರ್ಷ ಆದ ಮೇಲೆ ಅಲ್ಲಿ ಬೈಪಾಸ್ ಬಂತು. ಈಗ ಆ ಜಾಗದಲ್ಲಿ ಪೆಟ್ರೋಲ್ ಬಂಕ್ ಇದೆ. ಊರಿಗೆ ಹೋದಾಗಲೆಲ್ಲ ದೊಡ್ಡಪ್ಪ ಜಗಲಿ ಮೇಲೆ ಕೂತು ಶುರು ಮಾಡ್ತಾರೆ. "ಅಲ್ಲ ಕಣಪ್ಪ, ನಿಮ್ಮಪ್ಪ ಒಂದಷ್ಟು ವರ್ಷ ತಡ್ಕಂಡಿದ್ರೆ ನೀನು ಬೆಂಗಳೂರಾಗೆ ಬಾಡಿಗೆ ಮನೇಲಿ ಇರ್ಬೇಕಿತ್ತಾ? ಅಷ್ಟೂ ಗೊತ್ತಾಗ್ಲಿಲ್ವಾ ಇವ್ನಿಗೆ?" ಅಪ್ಪ ನೆಲ ನೋಡ್ತಾ ಸುಮ್ಮನಿರ್ತಾರೆ. ಈಚೀಚೆಗೆ ಅವರೇ "ಮಾರಬಾರದಿತ್ತು" ಅನ್ನೋಕೆ ಶುರು ಮಾಡಿದ್ದಾರೆ. ನನಗೆ ಹೊಟ್ಟೆಯೊಳಗೆ ಸಂಕಟ ಆಗೋದು ಆ ಮಾತಿಗೆ.

ಆ ದಿನಾಂಕದ ಮೇಲೆ ನಿಂತು ನೋಡೋಣ. ಹಿಂದಿನ ಬರಗಾಲದ ಸಾಲ ತೀರಿರಲಿಲ್ಲ. ಕಾಲೇಜಿನ ಫೀಸಿಗೆ ಗಡುವು ಇತ್ತು. ಬ್ಯಾಂಕಿಗೆ ಎರಡು ಸಲ ಅಲೆದು ಬರಿಗೈಲಿ ಬಂದಿದ್ದರು. ಬೈಪಾಸಿನ ಸರ್ವೆ ಆಗಿರಲಿಲ್ಲ, ತಾಲ್ಲೂಕು ಕಚೇರಿ ಗೋಡೆ ಮೇಲೆ ಒಂದು ನೋಟಿಸೂ ಇರಲಿಲ್ಲ. ಮೂರು ಜನರ ಹತ್ತಿರ ರೇಟು ಕೇಳಿ, ಹೆಚ್ಚು ಕೊಟ್ಟವರಿಗೆ ಮಾರಿದರು. ಹುಡುಕಿದರೆ ಸಿಗುತ್ತಿದ್ದದ್ದನ್ನೆಲ್ಲ ಅಪ್ಪ ಹುಡುಕಿದ್ದರು.

ಇದೇ ತಕ್ಕಡಿಯಲ್ಲಿ ನಾನು ಅಪ್ಪನ್ನ ಹೊಗಳೋ ಹಾಗೂ ಇಲ್ಲ. ಕೆಲವರು, "ಎಂಥಾ ದೂರದೃಷ್ಟಿ ರೀ ನಿಮ್ಮ ತಂದೆಯವರದು, ಹೊಲ ಮಾರಿ ಇಂಜಿನಿಯರ್ ಮಾಡಿದ್ರು" ಅಂತಾರೆ. ಅಪ್ಪನಿಗೆ ಸಾಫ್ಟ್‌ವೇರ್ ಅಂದರೆ ಏನು ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ. ನನಗೆ ಕೆಲಸ ಸಿಗುತ್ತೆ ಅನ್ನೋ ಖಾತ್ರಿ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ನಾನು ಫೇಲಾಗಿ ವಾಪಸ್ ಬಂದಿದ್ದರೂ ಅವರು ಅವತ್ತು ಮಾಡಿದ ಕೆಲಸದ ಬೆಲೆ ಒಂದು ಗುಂಜಿಯಷ್ಟೂ ಕಮ್ಮಿ ಆಗ್ತಿರಲಿಲ್ಲ. ಫೀಸು ಕಟ್ಟಬೇಕಿತ್ತು, ಕಟ್ಟಿದರು. ಅಷ್ಟು ಅವರದು. ಅದರಾಚೆಗೆ ಅವರ ಹೆಸರಲ್ಲಿ ನಾನು ಬೇಲಿ ಹಾಕೋದು ಬೇಡ.

ದೊಡ್ಡಪ್ಪನಿಗೆ ಮಾರ್ಕುಶ್, ಡ್ಯೂಟೀರಿಯಂ ಎಲ್ಲ ಹೇಳೋಕೆ ನನ್ನ ಕೈಲಾಗಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಒಂದೇ ಒಂದು ಕೇಳ್ತೀನಿ, ಅಪ್ಪನೂ ಪಕ್ಕದಲ್ಲಿರುವಾಗಲೇ. "ದೊಡ್ಡಪ್ಪ, ಅಲ್ಲಿ ಬೈಪಾಸ್ ಬತ್ತದೆ ಅಂತ 2006ರಾಗೆ ನಿಮ್ಗೆ ಗೊತ್ತಿತ್ತಾ?" ಇಲ್ಲ ಅಂದರೆ ಅಲ್ಲಿಗೆ ಮಾತು ಮುಗೀತು. ಗೊತ್ತಿತ್ತು ಅಂದರೆ, "ಮತ್ತೆ ನೀವ್ಯಾಕೆ ಕೊಂಡ್ಕಳ್ಳಿಲ್ಲ?"